ಸ್ಕ್ಯಾನ್‌ನಲ್ಲಿ 84 ಇದ್ದದ್ದು 79 ಆಗಿದೆ, ನನ್ನ ಕಣ್ಣಿನ ನರ ಸಾಯುತ್ತಿದೆಯಾ ಡಾಕ್ಟ್ರೇ?

ಪ್ರಶ್ನೆ: ನನಗೆ 52 ವರ್ಷ. ವಿಜಯನಗರದಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸ. ಹೈಸ್ಕೂಲಿನಿಂದಲೇ ಕನ್ನಡಕ, ಎರಡೂ ಕಣ್ಣಿಗೆ ಮೈನಸ್ 7. ಮೂರು ವರ್ಷದ ಹಿಂದೆ ಕಣ್ಣಿನ ನರ ಕೆಡಿಸುವ ಗ್ಲಾಕೋಮಾ ಶುರುವಾಗಿದೆ ಅಂದರು. ಆಗ ಕಣ್ಣಿನ ಪ್ರೆಶರ್ 21 ಇತ್ತು. ದಿನಾ ರಾತ್ರಿ ಲಟಾನೋಪ್ರೋಸ್ಟ್ ಹನಿ ಹಾಕುತ್ತೇನೆ, ಈಗ 15 ಇದೆ. ಕಾರ್ನಿಯಾ ದಪ್ಪ 498 ಅಂತ ರಿಪೋರ್ಟ್‌ನಲ್ಲಿದೆ. ಕಳೆದ ವರ್ಷ ಮಾರ್ಚ್‌ನಲ್ಲಿ ಓಸಿಟಿ ಸ್ಕ್ಯಾನ್ ಮಾಡಿಸಿದಾಗ ಬಲಗಣ್ಣಿನ ನರದ ದಪ್ಪ 84, ಎಡಗಣ್ಣು 88. ಈ ಫೆಬ್ರವರಿಯಲ್ಲಿ ಮನೆ ಹತ್ತಿರ ಅಂತ ಬೇರೆ ಸೆಂಟರಿಗೆ ಹೋದೆ. ಬಲ 79, ಎಡ 86 ಬಂತು. ಬಲಗಣ್ಣಿನ ಚಿತ್ರದಲ್ಲಿ ಕೆಳಗಡೆ ಕೆಂಪು ಬಣ್ಣ. ಸಿಗ್ನಲ್ 6/10 ಅಂತ ಬರೆದಿದೆ. ಸುತ್ತ ಎಷ್ಟು ಕಾಣುತ್ತದೆ ಅಂತ ನೋಡುವ ಫೀಲ್ಡ್ ಟೆಸ್ಟ್ ಎರಡೂ ಸಲ ನಾರ್ಮಲ್. ಒಬ್ಬರು ಇನ್ನೊಂದು ಡ್ರಾಪ್ಸ್ ಸೇರಿಸಿ ಅಂದರು. ಇನ್ನೊಬ್ಬರು ಲೇಸರ್ ಮಾಡಿಸಿ ಅಂದರು. ಮೊದಲಿನಿಂದ ನೋಡುತ್ತಿರುವ ಡಾಕ್ಟರ್ ಕಾಯೋಣ ಅನ್ನುತ್ತಾರೆ. ಎರಡು ತಿಂಗಳಿಂದ ಬಲಗಣ್ಣಿನಲ್ಲಿ ಸೊಳ್ಳೆ ಹಾರಿದ ಹಾಗೆ ಕಪ್ಪು ಚುಕ್ಕೆ ಬೇರೆ ಕಾಣಿಸುತ್ತಿದೆ. ನಮ್ಮ ಅಮ್ಮ ಇದೇ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡರು. ನನಗೂ ಹಾಗೇ ಆಗುತ್ತಾ? ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಲಾ? ಅಷ್ಟು ಸಲ ಬೆಳಕು ಬಿಟ್ಟರೆ ಕಣ್ಣಿಗೆ ತೊಂದರೆಯಾ? ದಿನಾ ಬೆಳಗ್ಗೆ ಯೋಗ ಮಾಡುತ್ತೇನೆ, ಬಿಡಬೇಕಾ? ಮಗಳಿಗೆ 24 ವರ್ಷ, ಅವಳಿಗೂ ಸ್ಕ್ಯಾನ್ ಬೇಕಾ?

ಉತ್ತರ: ನೀವು ಕೇಳಿದ್ದು ನರದ ಬಗ್ಗೆ. ಆದರೆ ನಾನು ಮೊದಲು ಹಿಡಿದುಕೊಳ್ಳುವುದು ನೀವು ನಡುವೆ ಸುಮ್ನೆ ಹೇಳಿ ಮುಂದೆ ಹೋದ ಆ ಸೊಳ್ಳೆಯ ಮಾತನ್ನು.

ಮೈನಸ್ 7 ಇರುವ ಕಣ್ಣು ಉದ್ದ ಕಣ್ಣು. ಅದರ ಒಳಗೋಡೆ, ಅಂದರೆ ರೆಟಿನಾ, ತೆಳ್ಳಗೆ ಎಳೆದಂತಿರುತ್ತದೆ. ಐವತ್ತರ ಆಸುಪಾಸಿನಲ್ಲಿ ಕಣ್ಣೊಳಗಿನ ಜೆಲ್ಲಿಯಂಥ ದ್ರವ ಆ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆಗ ಹೀಗೆ ಚುಕ್ಕೆ, ಎಳೆ, ಸೊಳ್ಳೆ ಕಾಣುವುದು ಸಾಮಾನ್ಯ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಮಾತ್ರ ಬಿಟ್ಟುಕೊಳ್ಳುವಾಗ ರೆಟಿನಾ ಹರಿಯುತ್ತದೆ. ಪಾಪೆ ಅಗಲ ಮಾಡುವ ಹನಿ ಹಾಕಿ ಅಂಚಿನವರೆಗೂ ನೋಡಿದರೆ ಮಾತ್ರ ಅದು ಗೊತ್ತಾಗುತ್ತದೆ. ನಿಮ್ಮ ಪತ್ರದಲ್ಲಿ ಹಾಗೆ ನೋಡಿದ ಮಾತಿಲ್ಲ. ನೋಡಿಸಿಲ್ಲ ಅಂದರೆ ಈ ವಾರವೇ ನೋಡಿಸಿ. ಮಿಂಚು ಹೊಡೆದ ಹಾಗಾದರೆ, ಚುಕ್ಕೆಗಳು ಒಮ್ಮೆಲೇ ಜಾಸ್ತಿಯಾದರೆ ಅಥವಾ ಒಂದು ಕಡೆಯಿಂದ ಪರದೆ ಇಳಿದಂತೆ ಕಂಡರೆ ಅದೇ ದಿನ ಹೋಗಬೇಕು. ಗ್ಲಾಕೋಮಾದ ಮಾತು ಒಂದು ತಿಂಗಳು ಕಾಯುತ್ತದೆ, ಇದು ಕಾಯುವುದಿಲ್ಲ.

ಇನ್ನು ನಿಮ್ಮ 84 ಮತ್ತು 79ಕ್ಕೆ ಬರೋಣ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಅಮ್ಮನನ್ನು ಕಣ್ಣಾರೆ ನೋಡಿದ್ದೀರಿ. ಕಾಗದದ ಮೇಲೆ ಕೆಂಪು ಬಣ್ಣ ಬಂದಿದೆ. ಸಂಖ್ಯೆ ಇಳಿದಿದೆ. ಮೂವರು ಡಾಕ್ಟರ್ ಮೂರು ಮಾತು ಹೇಳಿದ್ದಾರೆ. ಯಾರಿಗಾದರೂ ನಿದ್ದೆ ಹಾರಿಹೋಗುತ್ತದೆ. ಆದರೆ ನೀವು ಕಳಿಸಿದ ವಿವರ ನೋಡಿದರೆ, ನರ ಸಾಯುತ್ತಿದೆ ಅನ್ನುವುದಕ್ಕೆ ಈ ಎರಡು ಸ್ಕ್ಯಾನ್ ಸಾಕ್ಷಿಯಲ್ಲ. ಸಾಯುತ್ತಿಲ್ಲ ಅನ್ನುವುದಕ್ಕೂ ಸಾಕ್ಷಿಯಲ್ಲ. ಯಾಕೆ ಅಂತ ಹೇಳಬೇಕಾದರೆ ಆ ಮಶೀನು ಏನು ಅಳೆಯುತ್ತದೆ ಅನ್ನುವುದರಿಂದ ಶುರು ಮಾಡಬೇಕು.

ಕಣ್ಣಿನಿಂದ ಮೆದುಳಿಗೆ ಹೋಗುವ ನರ ಅಂದರೆ ಒಂದೇ ತಂತಿಯಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಸಣ್ಣ ಎಳೆಗಳು ಸೇರಿದ ಕಂತೆ. ರೆಟಿನಾದ ಎಲ್ಲ ಮೂಲೆಗಳಿಂದ ಆ ಎಳೆಗಳು ಹರಿದು ಬಂದು, ಒಂದು ದುಂಡು ಬಾಗಿಲಿನ ಮೂಲಕ ಕಣ್ಣಿನ ಹಿಂದಕ್ಕೆ ಇಳಿಯುತ್ತವೆ. ಗ್ಲಾಕೋಮಾದಲ್ಲಿ ಆ ಬಾಗಿಲಿನ ಹತ್ತಿರವೇ ಎಳೆಗಳು ಒಂದೊಂದಾಗಿ ಸಾಯುತ್ತವೆ. ನೋವಿಲ್ಲ, ಕೆಂಪಾಗುವುದಿಲ್ಲ, ಓದುವುದಕ್ಕೂ ತೊಂದರೆಯಿಲ್ಲ. ಸತ್ತ ಎಳೆ ಮತ್ತೆ ಬೆಳೆಯುವುದಿಲ್ಲ. ಓಸಿಟಿ ಮಶೀನು ಆ ಬಾಗಿಲಿನ ಸುತ್ತ ಸುಮಾರು ಮೂರೂವರೆ ಮಿಲಿಮೀಟರ್ ಅಗಲದ ಒಂದು ಉಂಗುರ ಹಾಕಿ, ಆ ಉಂಗುರದಲ್ಲಿ ಎಳೆಗಳ ಪದರ ಎಷ್ಟು ದಪ್ಪ ಇದೆ ಅಂತ ಅಳೆಯುತ್ತದೆ. ನಿಮ್ಮ 84, 79 ಅಂದರೆ ಆ ಉಂಗುರದ ಸರಾಸರಿ ದಪ್ಪ, ಮೈಕ್ರಾನ್ ಲೆಕ್ಕದಲ್ಲಿ. ಆರೋಗ್ಯವಂತರಲ್ಲಿ ಇದು ಹೆಚ್ಚುಕಮ್ಮಿ 95ರಿಂದ 100ರ ಹತ್ತಿರ ಇರುತ್ತದೆ.

ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ರಕ್ತದ ಒಂದು ಕೆಂಪು ಕಣದ ಅಗಲವೇ 7ರಿಂದ 8 ಮೈಕ್ರಾನ್. ನಿಮ್ಮ ಎರಡು ಸ್ಕ್ಯಾನ್ ನಡುವಿನ ವ್ಯತ್ಯಾಸ 5. ಒಂದು ರಕ್ತಕಣಕ್ಕಿಂತ ಚಿಕ್ಕದು! ಜೀವ ಇರುವ, ಅಲುಗಾಡುವ, ಮಿಟುಕುವ ಕಣ್ಣಿನಲ್ಲಿ ಇಷ್ಟು ಸೂಕ್ಷ್ಮವಾಗಿ ಅಳೆಯುತ್ತೇವಲ್ಲ, ಅದು ನನಗೆ ಇವತ್ತಿಗೂ ಆಶ್ಚರ್ಯ. ಅಮೆರಿಕದ ಎಂಐಟಿಯ ತಂಡ ಈ ವಿಧಾನವನ್ನು ಮೊದಲು ಪ್ರಕಟಿಸಿದ್ದು 1991ರಲ್ಲಿ. ಅದು ಕ್ಲಿನಿಕ್ಕಿಗೆ ಬರುವವರೆಗೂ ಡಾಕ್ಟರುಗಳು ನರದ ಚಿತ್ರವನ್ನು ಕೇಸ್ ಶೀಟಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿಡುತ್ತಿದ್ದರು, ಇಲ್ಲವೇ ಫೋಟೋ ತೆಗೆಸುತ್ತಿದ್ದರು.

ಆದರೆ ಸೂಕ್ಷ್ಮವಾದ ತಕ್ಕಡಿ ಗಾಳಿಗೂ ಅಲ್ಲಾಡುತ್ತದೆ. ಒಂದೇ ಮಶೀನಿನಲ್ಲಿ, ಅದೇ ದಿನ, ಅದೇ ಕಣ್ಣಿಗೆ ಎರಡು ಸಲ ಸ್ಕ್ಯಾನ್ ಮಾಡಿದರೂ ಸರಾಸರಿ 4–5 ಮೈಕ್ರಾನ್ ಹಿಂದೆ ಮುಂದೆ ಆಗಬಹುದು. ಉಂಗುರದ ಸಣ್ಣ ಸಣ್ಣ ಭಾಗಗಳನ್ನು ಬೇರೆ ಬೇರೆಯಾಗಿ ನೋಡಿದರೆ ಇನ್ನೂ ಜಾಸ್ತಿ. ನಿಮ್ಮ ಎರಡು ಸ್ಕ್ಯಾನ್ ಒಂದೇ ಮಶೀನಿನವೂ ಅಲ್ಲ. ಒಂದೊಂದು ಕಂಪನಿಯ ಮಶೀನು ಪದರದ ಮೇಲಂಚು ಕೆಳಂಚನ್ನು ತನ್ನದೇ ಲೆಕ್ಕದಲ್ಲಿ ಗುರುತು ಮಾಡುತ್ತದೆ. ಹಾಗಾಗಿ ಅದೇ ಕಣ್ಣಿಗೆ ಒಂದು ಮಶೀನು 84 ಅಂದರೆ ಇನ್ನೊಂದು ಬೇರೇನೇ ಹೇಳಬಹುದು. ಎರಡೂ ಸುಳ್ಳಲ್ಲ. ಆದರೆ ಒಂದರಿಂದ ಇನ್ನೊಂದನ್ನು ಕಳೆಯುವ ಹಾಗಿಲ್ಲ. ಒಂದು ದರ್ಜಿ ಅಂಗಡಿಯ ಟೇಪಿನಲ್ಲಿ ಅಳತೆ ಕೊಟ್ಟು, ಇನ್ನೊಂದು ಅಂಗಡಿಯ ಗೇಣಿನಲ್ಲಿ ಅಳೆಸಿ, ಮೈ ಇಳಿದಿದೆ ಅಂದ ಹಾಗಾಯಿತು.

ಆಮೇಲೆ ಸಿಗ್ನಲ್ 6/10. ನಿಮ್ಮ ರಿಪೋರ್ಟಿನಲ್ಲಿ ಅದನ್ನು ಗಮನಿಸಿ ಬರೆದಿರುವುದಕ್ಕೆ ನಿಮಗೆ ಶಹಬ್ಬಾಸ್ ಹೇಳಲೇಬೇಕು. ಎಷ್ಟೋ ಜನ ಕೆಂಪು ಹಸಿರು ಮಾತ್ರ ನೋಡುತ್ತಾರೆ. ಹತ್ತರ ಲೆಕ್ಕ ಕೊಡುವ ಮಶೀನಿನಲ್ಲಿ 6 ಅಂದರೆ ಪಾಸು, ಅಷ್ಟೇ. ಸಿಗ್ನಲ್ ಕಡಿಮೆಯಾದರೆ ಪದರ ಇರುವುದಕ್ಕಿಂತ ತೆಳ್ಳಗೆ ಕಾಣುತ್ತದೆ. ಯಾಕೆ ಕಡಿಮೆಯಾಗುತ್ತದೆ? ಕಣ್ಣು ಒಣಗಿದ್ದರೆ, ಪೊರೆ ಶುರುವಾಗಿದ್ದರೆ, ಪಾಪೆ ಚಿಕ್ಕದಿದ್ದರೆ, ಮಶೀನಿನ ಗಾಜಿನ ಮೇಲೆ ಬೆರಳ ಗುರುತು ಇದ್ದರೆ ಸಾಕು.

ನಮ್ಮಲ್ಲಿಗೆ ಬರುವ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಇದ್ದಾರೆ. ಒಂದು ದಿನ ಅವರ ಸ್ಕ್ಯಾನ್ ನೋಡಿ ನಮ್ಮ ಟೆಕ್ನಿಶಿಯನ್ ಹುಡುಗಿ ಓಡಿ ಬಂದಳು, ಎಡಗಣ್ಣು ಒಂದೇ ವರ್ಷದಲ್ಲಿ 9 ಮೈಕ್ರಾನ್ ಇಳಿದಿದೆ ಅಂತ. ನಾನು ಹೋಗಿ ನೋಡಿದೆ. ಅವರು ಗದ್ದ ಇಟ್ಟುಕೊಂಡು, ಒಳಗಿನ ಗುರುತನ್ನೇ ನೋಡುತ್ತಾ, ಕಣ್ಣು ಮಿಟುಕಿಸಬಾರದು ಅಂತ ಹೇಳಿದ್ದಾರೆ ಅಂದುಕೊಂಡು ಒಂದು ನಿಮಿಷ ರೆಪ್ಪೆ ಬಡಿಯದೆ ಕೂತಿದ್ದರು. ಕಣ್ಣು ಗಾಜಿನ ಹಾಗೆ ಒಣಗಿತ್ತು. ಒಂದು ಹನಿ ಕೃತಕ ಕಣ್ಣೀರು ಹಾಕಿ, ಹತ್ತು ನಿಮಿಷ ಹೊರಗೆ ಕೂರಿಸಿ, ನಾಲ್ಕು ಸಲ ರೆಪ್ಪೆ ಬಡಿಸಿ ಮತ್ತೆ ಸ್ಕ್ಯಾನ್ ಮಾಡಿಸಿದೆ. ಸಿಗ್ನಲ್ 6ರಿಂದ 9ಕ್ಕೆ ಏರಿತು. ಇಳಿದಿದ್ದ 9 ಮೈಕ್ರಾನ್‌ನಲ್ಲಿ 7 ವಾಪಸ್ ಬಂತು. ಸತ್ತ ನರ ವಾಪಸ್ ಬರುವುದಿಲ್ಲ ಅಲ್ವಾ? ಅಂದರೆ ಅದು ಮೊದಲೇ ಹೋಗಿರಲಿಲ್ಲ.

ನಿಮ್ಮ ಕಣ್ಣಿಗೆ ಸೇರಿದ ಇನ್ನೂ ಎರಡು ಮಾತಿವೆ. ಒಂದು, ಮೈನಸ್ 7. ಉದ್ದ ಕಣ್ಣಿನಲ್ಲಿ ಆ ಉಂಗುರ ನರದ ಬಾಗಿಲಿನಿಂದ ಸ್ವಲ್ಪ ದೂರ ಬೀಳುತ್ತದೆ. ಬಾಗಿಲಿನಿಂದ ದೂರ ಹೋದಷ್ಟೂ ಪದರ ಸಹಜವಾಗಿಯೇ ತೆಳ್ಳಗೆ. ಎಳೆಗಳ ದಪ್ಪ ಗುಂಪುಗಳು ಮಾಮೂಲಿ ಜಾಗ ಬಿಟ್ಟು ಕಿವಿಯ ಕಡೆಗೆ ಸರಿದಿರುತ್ತವೆ. ಮಶೀನು ಮಾತ್ರ ಅವು ಇರಬೇಕಾದ ಜಾಗದಲ್ಲೇ ಹುಡುಕುತ್ತದೆ, ಸಿಗದಿದ್ದರೆ ಕೆಂಪು ಬಳಿಯುತ್ತದೆ. ಕೆಂಪು ಅಂದರೆ ಕಾಯಿಲೆ ಅಂತ ಅರ್ಥವಲ್ಲ. ನಿಮ್ಮ ವಯಸ್ಸಿನ ಆರೋಗ್ಯವಂತರಲ್ಲಿ ಇಷ್ಟು ತೆಳ್ಳಗಿರುವವರು ನೂರಕ್ಕೆ ಒಬ್ಬರಿಗಿಂತ ಕಡಿಮೆ ಅಂತ ಅರ್ಥ. ಆ ಆರೋಗ್ಯವಂತರ ಪಟ್ಟಿಯಲ್ಲಿ ಮೈನಸ್ 7 ಇದ್ದವರು ತೀರಾ ಕಡಿಮೆ. ಅಷ್ಟಾದರೂ, ಈ ಕೆಂಪು ಪೂರ್ತಿ ಸುಳ್ಳು ಅಂತ ತಳ್ಳಿಹಾಕಬೇಡಿ. ಗ್ಲಾಕೋಮಾ ಮೊದಲು ಕಡಿಯುವ ಜಾಗಗಳಲ್ಲಿ ನರದ ಕೆಳಭಾಗವೂ ಒಂದು. ಕೆಂಪು ಹಳೆಯ ಸ್ಕ್ಯಾನ್‌ನಲ್ಲೂ ಅದೇ ಜಾಗದಲ್ಲಿ ಇತ್ತಾ, ಅಥವಾ ಈಗ ಹೊಸದಾಗಿ ಬಂತಾ, ಅದನ್ನೇ ನಿಮ್ಮ ಡಾಕ್ಟರ್ ಹತ್ತಿರ ಕೇಳಿ.

ಎರಡನೆಯದು, ಮತ್ತೆ ಆ ಸೊಳ್ಳೆ. ಕಣ್ಣೊಳಗಿನ ಜೆಲ್ಲಿ ನರದ ಸುತ್ತ ಅಂಟಿಕೊಂಡು ಎಳೆಯುತ್ತಿದ್ದಾಗ ಪದರ ಸ್ವಲ್ಪ ದಪ್ಪ ತೋರಿಸುತ್ತದೆ. ಬಿಟ್ಟುಕೊಂಡ ಮೇಲೆ ಅಳತೆ ಇಳಿಯಬಹುದು. ನಿಮ್ಮ ಎರಡು ಸ್ಕ್ಯಾನ್‌ಗಳ ನಡುವೆಯೇ ಇದು ಆಗಿರುವ ಹಾಗಿದೆ. ಎಡಗಣ್ಣು ಹೆಚ್ಚುಕಮ್ಮಿ ಇದ್ದ ಹಾಗೇ ಇದ್ದು, ಸೊಳ್ಳೆ ಕಂಡ ಬಲಗಣ್ಣೇ ಇಳಿದಿದೆ ಅನ್ನುವುದು ನನ್ನ ಗಮನಕ್ಕೆ ಬಂತು. ಇದೇ ಕಾರಣ ಅಂತ ಪತ್ರ ಓದಿ ಹೇಳಲಾರೆ. ಸಾಲಿನಲ್ಲಿ ಇದೂ ನಿಂತಿದೆ ಅಂತ ಮಾತ್ರ ಹೇಳುತ್ತೇನೆ.

ಹಾಗಾದರೆ ನಿಜವಾಗಿ ಕಾಯಿಲೆ ಮುಂದುವರಿದರೆ ಸ್ಕ್ಯಾನ್‌ನಲ್ಲಿ ಹೇಗೆ ಗೊತ್ತಾಗುತ್ತದೆ? ವಯಸ್ಸಾಗುತ್ತಾ ಎಲ್ಲರಿಗೂ ಈ ಪದರ ವರ್ಷಕ್ಕೆ ಸುಮಾರು ಅರ್ಧ ಮೈಕ್ರಾನ್ ತೆಳುವಾಗುತ್ತದೆ. ನನಗೂ ಆಗುತ್ತಿದೆ, ನಿಮಗೂ. ವರ್ಷಕ್ಕೆ 1 ಮೈಕ್ರಾನ್ ದಾಟಿ ಇಳಿಯುತ್ತಿದೆ ಅನಿಸಿದರೆ ನಾನು ಎಚ್ಚರವಾಗುತ್ತೇನೆ. ಆದರೆ ಅದು ಎರಡು ಸ್ಕ್ಯಾನ್‌ನಲ್ಲಿ ಗೊತ್ತಾಗುವುದಿಲ್ಲ. ಒಂದೇ ಮಶೀನಿನಲ್ಲಿ ತೆಗೆದ, ಸಿಗ್ನಲ್ ಚೆನ್ನಾಗಿರುವ ನಾಲ್ಕೈದು ಸ್ಕ್ಯಾನ್ ಬೇಕು. ಅವನ್ನು ಸಾಲಾಗಿ ಇಟ್ಟರೆ ಇಳಿಜಾರು ಇದೆಯೋ ಇಲ್ಲವೋ ಅನ್ನುವುದು ಕಾಣುತ್ತದೆ. ಈಗಿನ ಮಶೀನುಗಳಲ್ಲಿ ಆ ಲೆಕ್ಕ ಹಾಕಿಕೊಡುವ ಸಾಫ್ಟ್‌ವೇರ್ ಇದೆ. ಹಳೆಯ ಸ್ಕ್ಯಾನ್ ಮೇಲೆ ಹೊಸದನ್ನು ರಕ್ತನಾಳಕ್ಕೆ ರಕ್ತನಾಳ ಕೂರಿಸಿ, ಎಲ್ಲಿ ತೆಳುವಾಗಿದೆ ಅಂತ ಗುರುತು ಹಾಕುತ್ತದೆ. ಒಂದು ಸಲ ಕಂಡ ಬದಲಾವಣೆಗೆ ಅದು ಅನುಮಾನದ ಬಣ್ಣ ಕೊಡುತ್ತದೆ. ಅದೇ ಜಾಗದಲ್ಲಿ ಮತ್ತೆ ಕಂಡರೆ ಬಣ್ಣ ಗಟ್ಟಿಯಾಗುತ್ತದೆ. ನಾನೂ ಹಾಗೇ ಯೋಚಿಸುತ್ತೇನೆ. ಅದೇ ಜಾಗ, ಮತ್ತೆ ಮತ್ತೆ, ಹೋಗುತ್ತಾ ಅಗಲವಾಗುವುದು, ಇದು ಗ್ಲಾಕೋಮಾದ ನಡಿಗೆ. ಇವತ್ತು ಇಲ್ಲಿ ಕೆಂಪು, ಮುಂದಿನ ಸಲ ಅಲ್ಲಿ ಕೆಂಪು, ಅದು ಅಳತೆಯ ಅಲ್ಲಾಟ. ನೀವು ಸೆಂಟರ್ ಬದಲಾಯಿಸಿದಾಗ ಕಳೆದುಕೊಂಡದ್ದು ಈ ಸಾಲನ್ನು. ಹಳೆಯ ಮಶೀನಿಗೆ ವಾಪಸ್ ಹೋಗಿ ಅಂತ ನಾನು ಒತ್ತಿ ಹೇಳುವುದು ಅದಕ್ಕೇ.

ಸ್ಕ್ಯಾನ್ ಒಂದೇ ಸಾಕು ಅನ್ನುವ ಮಾತನ್ನೂ ನಂಬಬೇಡಿ. ಫೀಲ್ಡ್ ಟೆಸ್ಟ್ ಅಂದರೆ ಎಲ್ಲರಿಗೂ ಬೇಜಾರು, ಗೊತ್ತು. ಕತ್ತಲ ಕೋಣೆ, ಒಂದು ಕಣ್ಣಿಗೆ ಪಟ್ಟಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಅರ್ಧಕ್ಕೇ ನಿದ್ದೆ ಬರುತ್ತದೆ. ಆದರೆ ಸ್ಕ್ಯಾನ್ ಹೇಳುವುದು ನರ ಎಷ್ಟು ಉಳಿದಿದೆ ಅಂತ. ಆ ಉಳಿದ ನರದಿಂದ ನಿಮಗೆ ಎಷ್ಟು ಕಾಣುತ್ತಿದೆ ಅನ್ನುವುದು ಫೀಲ್ಡ್ ಟೆಸ್ಟ್‌ನಲ್ಲೇ ತಿಳಿಯುವುದು. ಶುರುವಿನಲ್ಲಿ ಸ್ಕ್ಯಾನ್ ಮೊದಲು ಸುಳಿವು ಕೊಡುತ್ತದೆ. ಕಾಯಿಲೆ ಬಲಿತ ಮೇಲೆ ಅದು ತಿರುಗಿಬೀಳುತ್ತದೆ. ನರ ಪೂರ್ತಿ ಹೋದರೂ ಅಳತೆ ಸೊನ್ನೆಗೆ ಇಳಿಯುವುದಿಲ್ಲ. ರಕ್ತನಾಳ, ಆಧಾರದ ಅಂಗಾಂಶ ಉಳಿದಿರುವುದರಿಂದ 50–55ರ ಹತ್ತಿರ ನಿಂತುಬಿಡುತ್ತದೆ. ನನ್ನ ಹತ್ತಿರ ಬರುವ ಒಬ್ಬ ಹಿರಿಯರ ಸ್ಕ್ಯಾನ್ ನಾಲ್ಕು ವರ್ಷ 53ರಲ್ಲೇ ಇತ್ತು. ಬೇರೆಡೆ ಅದನ್ನು ನೋಡಿ ಕಾಯಿಲೆ ನಿಂತಿದೆ ಅಂದಿದ್ದರಂತೆ. ಅದೇ ನಾಲ್ಕು ವರ್ಷದ ಫೀಲ್ಡ್ ಟೆಸ್ಟ್ ತೆಗೆದು ನೋಡಿದರೆ ಕಣ್ಣಿಗೆ ಕಾಣದ ಕಪ್ಪು ಭಾಗ ಮಧ್ಯದ ಕಡೆಗೆ ಒತ್ತಿಕೊಂಡು ಬಂದಿತ್ತು. ನನಗೆ ಈಗಲೂ ಸಂಕಟವಾಗುತ್ತದೆ.

ಮೂರನೆಯದಾಗಿ, ಡಾಕ್ಟರ್ ಕಣ್ಣಿಂದ ನರವನ್ನು ನೋಡಲೇಬೇಕು, ಆಗಾಗ ಬಣ್ಣದ ಫೋಟೋ ತೆಗೆಸಿಡಬೇಕು. ನರದ ಅಂಚಿನಲ್ಲಿ ಕೆಲವೊಮ್ಮೆ ಒಂದು ಸಣ್ಣ ರಕ್ತದ ಗೆರೆ ಕಾಣುತ್ತದೆ, ಉಗುರಿನ ತುದಿಯಲ್ಲಿ ಕುಂಕುಮ ಎಳೆದ ಹಾಗೆ. ಕೆಲವು ವಾರದಲ್ಲಿ ಮಾಯ. ಓಸಿಟಿಯ ಸಂಖ್ಯೆಗಳಲ್ಲಿ ಅದು ಗೊತ್ತೇ ಆಗುವುದಿಲ್ಲ. ಆದರೆ ಆ ಗೆರೆ ಕಂಡ ಕಣ್ಣಿನಲ್ಲಿ ಕಾಯಿಲೆ ಮುಂದುವರಿಯುವ ಸಾಧ್ಯತೆ ಜಾಸ್ತಿ. ನಿಮ್ಮ ಪ್ರೆಶರ್ 15 ಇದ್ದು ಅಂಥ ಗೆರೆ ಕಂಡರೆ ನಾನು ಇನ್ನೊಂದು ಸ್ಕ್ಯಾನ್‌ಗೂ ಕಾಯುವುದಿಲ್ಲ.

ಫೋಟೋ ಅಂದ ತಕ್ಷಣ ನೆನಪಾಯಿತು. ನಮ್ಮ ಬೆಂಗಳೂರಿನದೇ ಕಂಪನಿಗಳಾದ ಫೋರಸ್ ಹೆಲ್ತ್ ಮತ್ತು ರೆಮಿಡಿಯೋ ತಯಾರಿಸುವ ಚಿಕ್ಕ ಕ್ಯಾಮರಾಗಳಿವೆ, ಎರಡನೆಯದರಲ್ಲಿ ಫೋನೇ ಕ್ಯಾಮರಾ. ಹಳ್ಳಿಯ ಕ್ಯಾಂಪುಗಳಲ್ಲಿ, ಕಣ್ಣಿನ ಡಾಕ್ಟರ್ ಇಲ್ಲದ ಕಡೆ, ಅನುಮಾನ ಇರುವವರನ್ನು ಹುಡುಕಲು ಇಂಥವು ಬಹಳ ಉಪಯೋಗ. ದಕ್ಷಿಣ ಭಾರತದಲ್ಲಿ ನಡೆದ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಇದ್ದ ಹತ್ತರಲ್ಲಿ ಒಂಬತ್ತು ಜನಕ್ಕೆ ಅದು ಇರುವುದೇ ಗೊತ್ತಿರಲಿಲ್ಲ. ನಿಮ್ಮಂತೆ ಈಗಾಗಲೇ ಚಿಕಿತ್ಸೆಯಲ್ಲಿರುವವರ ಕಾಯಿಲೆ ಮೈಕ್ರಾನ್ ಲೆಕ್ಕದಲ್ಲಿ ಹಿಂಬಾಲಿಸುವ ಕೆಲಸ ಮಾತ್ರ ಬೇರೆ.

ಈಗ ನಿಮ್ಮ ಮುಂದಿರುವ ದಾರಿಗಳು. ನಿಮ್ಮ ಹಳೆಯ ಡಾಕ್ಟರ್ ಕಾಯೋಣ ಅಂದದ್ದು ನನಗೆ ಸರಿ ಅನಿಸುತ್ತದೆ. ಆದರೆ ಕಾಯುವುದು ಅಂದರೆ ಮುಂದಿನ ವರ್ಷ ಬನ್ನಿ ಅಂತಲ್ಲ. ರೆಟಿನಾ ನೋಡಿಸಿದ ಮೇಲೆ, ನಾಲ್ಕರಿಂದ ಆರು ವಾರದೊಳಗೆ, ಮಾರ್ಚ್‌ನಲ್ಲಿ ಮಾಡಿಸಿದ ಅದೇ ಮಶೀನಿನಲ್ಲಿ ಮತ್ತೆ ಸ್ಕ್ಯಾನ್ ಮಾಡಿಸಿ. ಸಿಗ್ನಲ್ 7ರ ಮೇಲೆ ಬರುವವರೆಗೂ ಬಿಡಬೇಡಿ, ಎರಡು ಸಲ ತೆಗೆಯಿರಿ ಅಂತ ಕೇಳಿ. ಮಧ್ಯದ ರೆಟಿನಾದ ಜೀವಕೋಶದ ಪದರದ ಸ್ಕ್ಯಾನ್ ಕೂಡ ಅದೇ ಮಶೀನಿನಲ್ಲಿ ಆಗುತ್ತದೆ. ಮೈನಸ್ ಪವರ್ ಜಾಸ್ತಿ ಇರುವವರಲ್ಲಿ ಎರಡನ್ನೂ ಜೊತೆಗಿಟ್ಟು ನೋಡುವುದು ಒಳ್ಳೆಯದು. ಫೀಲ್ಡ್ ಟೆಸ್ಟ್ ಇನ್ನೊಂದು ಸಲ ಆಗಲಿ. ಇದರ ಅಪಾಯ ಏನು? ನಿಜವಾಗಿಯೂ ಕಾಯಿಲೆ ಮುಂದುವರಿಯುತ್ತಿದ್ದರೆ ಒಂದೂವರೆ ತಿಂಗಳು ತಡವಾಗುತ್ತದೆ. ಫೀಲ್ಡ್ ನಾರ್ಮಲ್ ಇರುವ, ಪ್ರೆಶರ್ 15 ಇರುವ ಕಣ್ಣಿನಲ್ಲಿ ಅದು ಸಣ್ಣ ಅಪಾಯ. ಪ್ರೆಶರ್ 28 ಇದ್ದಿದ್ದರೆ ನಾನು ಈ ಮಾತು ಹೇಳುತ್ತಿರಲಿಲ್ಲ.

ಆ 15ರ ಮೇಲೂ ಪೂರ್ತಿ ಭಾರ ಹಾಕಬೇಡಿ. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಸಾಮಾನ್ಯವಾಗಿ 540 ಮೈಕ್ರಾನ್ ಆಸುಪಾಸು ಇರುತ್ತದೆ. ನಿಮ್ಮದು 498. ತೆಳ್ಳಗಿನ ಕಾರ್ನಿಯಾ ಮೇಲೆ ಅಳೆದರೆ ಪ್ರೆಶರ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಜೊತೆಗೆ ಪ್ರೆಶರ್ ದಿನದಲ್ಲಿ ಏರಿಳಿಯುತ್ತದೆ. ನಿಮ್ಮದನ್ನು ಯಾವಾಗಲೂ ಬ್ಯಾಂಕ್ ಮುಗಿಸಿ ಸಂಜೆಯೇ ಅಳೆದಿದ್ದರೆ, ಒಂದು ದಿನ ಬೆಳಗ್ಗೆ ಬೇಗ ಹೋಗಿ ಅಳೆಸಿ. ಅಲ್ಲಿ 19 ಬಂದರೆ ಲೆಕ್ಕವೇ ಬದಲಾಗುತ್ತದೆ.

ಇನ್ನೊಂದು ಡ್ರಾಪ್ಸ್ ಸೇರಿಸುವ ಸಲಹೆ ತಪ್ಪು ಅಂತ ನಾನು ಹೇಳುವುದಿಲ್ಲ. ಪ್ರೆಶರ್ ಪ್ರತಿ 1 ಅಂಕ ಇಳಿದರೂ ಕಾಯಿಲೆ ಮುಂದುವರಿಯುವ ಅಪಾಯ ಸುಮಾರು ನೂರಕ್ಕೆ ಹತ್ತರಷ್ಟು ಕಡಿಮೆಯಾಗುತ್ತದೆ ಅಂತ ಸ್ವೀಡನ್ನಿನಲ್ಲಿ ನಡೆದ ದೊಡ್ಡ ಅಧ್ಯಯನ ತೋರಿಸಿದೆ. ಹಾಗಾಗಿ ಇಳಿಸುವುದರಲ್ಲಿ ಲಾಭ ಇದೆ. ಆದರೆ ಸುಮ್ನೆ ಬರುವುದಿಲ್ಲ. ಟಿಮೊಲಾಲ್ ಅನ್ನುವ ಹನಿ ಆಸ್ತಮಾ ಇದ್ದವರಿಗೆ, ನಾಡಿ ನಿಧಾನ ಇದ್ದವರಿಗೆ ಆಗುವುದಿಲ್ಲ. ಬ್ರಿಮೊನಿಡಿನ್ ಕೆಲವರಿಗೆ ಅಲರ್ಜಿ, ಕೆಲವರಿಗೆ ಹಗಲೆಲ್ಲ ಮಂಪರು. ಡಾರ್ಜೊಲಮೈಡ್ ಹಾಕಿದರೆ ಬಾಯಿ ಕಹಿ. ಅದಕ್ಕಿಂತ ನನ್ನ ದೊಡ್ಡ ಚಿಂತೆ ಬೇರೆ. ಒಂದು ಬಾಟಲು ಇದ್ದಾಗ ತಪ್ಪದೆ ಹಾಕುವವರು ಎರಡಾದಾಗ ಎರಡನ್ನೂ ಮರೆಯುತ್ತಾರೆ. ವೃತ್ತಿಯ ಶುರುವಿನಲ್ಲಿ ನಾನೇ ಒಂದು ಕೆಂಪು ಸ್ಕ್ಯಾನ್ ನೋಡಿ ಒಬ್ಬ ಹೂವಿನ ವ್ಯಾಪಾರಿ ಅಮ್ಮನಿಗೆ ಎರಡನೇ ಡ್ರಾಪ್ಸ್ ಬರೆದೆ. ಖರ್ಚು ತಾಳಲಾರದೆ ಅವರು ಎರಡನ್ನೂ ಬಿಟ್ಟರು. ಆರು ತಿಂಗಳು ಬರಲಿಲ್ಲ. ಸ್ಕ್ಯಾನ್ ಮತ್ತೆ ಮಾಡಿಸಿದ್ದರೆ ಆ ಡ್ರಾಪ್ಸ್ ಬೇಕಾಗಿಯೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಹೊಸದು ಸೇರಿಸುವ ಮೊದಲು ಇರುವ ಹನಿ ಕಣ್ಣಿಗೆ ಬೀಳುತ್ತಿದೆಯಾ ನೋಡಿ. ನಮ್ಮ ಕ್ಲಿನಿಕ್ಕಿನಲ್ಲಿ ಬಾಟಲು ಕೈಗೆ ಕೊಟ್ಟು, ನನ್ನ ಮುಂದೆ ಹಾಕಿ ತೋರಿಸಿ ಅನ್ನುತ್ತೇನೆ. ಎಷ್ಟೋ ಜನರ ಹನಿ ರೆಪ್ಪೆಗೆ ಬಡಿದು ಕೆನ್ನೆ ಮೇಲೆ ಇಳಿಯುತ್ತದೆ. ಕೆಳರೆಪ್ಪೆ ಎಳೆದು ಚಿಕ್ಕ ಜೇಬು ಮಾಡಿ, ಅದರೊಳಗೆ ಒಂದೇ ಹನಿ. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿಹಿಡಿಯಿರಿ. ಲಟಾನೋಪ್ರೋಸ್ಟ್‌ನ ಹೆಚ್ಚಿನ ಬಾಟಲುಗಳು ತೆರೆಯುವ ಮೊದಲು ಫ್ರಿಜ್ಜಿನಲ್ಲಿರಬೇಕು. ಮೆಡಿಕಲ್ ಶಾಪಿನಲ್ಲಿ ಹೇಗೆ ಇಟ್ಟಿದ್ದರು ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಲೇಸರ್ ಬಗ್ಗೆ ಭಯ ಇದ್ದರೆ ಬಿಡಿ. ಎಸ್‌ಎಲ್‌ಟಿ ಅನ್ನುವ ಆ ಲೇಸರ್ ಆಪರೇಷನ್ ಅಲ್ಲ. ಕೂತಲ್ಲೇ ಕೆಲವು ನಿಮಿಷದ ಕೆಲಸ, ಕಣ್ಣಿನ ನೀರು ಹೊರಹೋಗುವ ಜರಡಿಯನ್ನು ಸಡಿಲ ಮಾಡುತ್ತದೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಬ್ರಿಟನ್ ಅಧ್ಯಯನದಲ್ಲಿ, ಮೊದಲ ಚಿಕಿತ್ಸೆಯಾಗಿ ಇದನ್ನು ಪಡೆದವರಲ್ಲಿ ನೂರಕ್ಕೆ 74 ಜನಕ್ಕೆ ಮೂರು ವರ್ಷ ಹನಿಯೇ ಬೇಕಾಗಲಿಲ್ಲ. ಆದರೆ ಅವರು ಹನಿ ಶುರುವೇ ಮಾಡದವರು. ಹನಿಯಲ್ಲಿ 15ಕ್ಕೆ ಇಳಿದಿರುವ ನಿಮ್ಮಲ್ಲಿ ಅಷ್ಟೇ ದೊಡ್ಡ ಇಳಿಕೆ ಸಿಗಲಿಕ್ಕಿಲ್ಲ. ಲೇಸರ್ ಆದ ಮೇಲೆ ಒಂದೆರಡು ದಿನ ಕೆಂಪು, ಸ್ವಲ್ಪ ನೋವು, ಕೆಲವರಿಗೆ ತಾತ್ಕಾಲಿಕವಾಗಿ ಪ್ರೆಶರ್ ಏರುವುದು ಉಂಟು. ಪರಿಣಾಮ ಕೆಲವು ವರ್ಷದಲ್ಲಿ ಕಡಿಮೆಯಾಗುತ್ತದೆ, ಮತ್ತೆ ಮಾಡಬಹುದು. ಆ ಜರಡಿ ಇರುವ ಕಣ್ಣಿನ ಕೋನ ತೆರೆದಿದೆ ಅಂತ ಗೋನಿಯೋಸ್ಕೋಪಿ, ಅಂದರೆ ಕಣ್ಣಿನ ಮೇಲೆ ವಿಶೇಷ ಲೆನ್ಸ್ ಇಟ್ಟು ನೋಡುವ ಪರೀಕ್ಷೆ, ಮಾಡಿ ಖಾತ್ರಿ ಮಾಡಿಕೊಂಡಿರಬೇಕು. ಮತ್ತೆ ಮಾಡಿದ ಸ್ಕ್ಯಾನ್‌ನಲ್ಲೂ ಇಳಿಕೆ ಕಂಡರೆ, ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡನೇ ಬಾಟಲಿಗಿಂತ ಇದನ್ನೇ ಮೊದಲು ಆರಿಸಿಕೊಳ್ಳುತ್ತಿದ್ದೆ. ಆಪರೇಷನ್ ಮಾತು ನಿಮಗೆ ಈಗ ಬೇಡವೇ ಬೇಡ. ಎರಡನೇ ಅಭಿಪ್ರಾಯಕ್ಕೆ ಖರ್ಚಿನ ಚಿಂತೆ ಇದ್ದರೆ ಕೆ.ಆರ್. ಮಾರ್ಕೆಟ್ ಹತ್ತಿರದ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ ಇದೆ. ಹೋಗುವಾಗ ಹಳೆಯ ಕಾಗದಗಳನ್ನೆಲ್ಲ ಒಂದೇ ಫೈಲಿನಲ್ಲಿ, ತಾರೀಕಿನ ಪ್ರಕಾರ ಜೋಡಿಸಿಕೊಂಡು ಹೋಗಿ.

ಸ್ಕ್ಯಾನ್ ಬೆಳಕಿನಿಂದ ಕಣ್ಣಿಗೆ ತೊಂದರೆ ಇಲ್ಲ. ಎಕ್ಸ್‌ರೇ ಅಲ್ಲ ಅದು, ಮಂದವಾದ ಇನ್‌ಫ್ರಾರೆಡ್ ಬೆಳಕು. ಆದರೂ ಮೂರು ತಿಂಗಳಿಗೊಮ್ಮೆ ಬೇಡ. ಅಷ್ಟು ಬೇಗ ನರ ಬದಲಾಗುವುದಿಲ್ಲ, ಅಲ್ಲಾಟವನ್ನೇ ಬದಲಾವಣೆ ಅಂದುಕೊಂಡು ನೀವು ಇನ್ನಷ್ಟು ಹೆದರುತ್ತೀರಿ. ಈ ಸಲದ ಗೊಂದಲ ಬಗೆಹರಿದ ಮೇಲೆ ಆರು ತಿಂಗಳಿಗೊಮ್ಮೆ, ಎಲ್ಲ ನಿಂತಿದ್ದರೆ ವರ್ಷಕ್ಕೊಮ್ಮೆ ಸಾಕು.

ಯೋಗ ಬಿಡಬೇಡಿ. ಶೀರ್ಷಾಸನ ಮಾತ್ರ ಇವತ್ತಿಂದಲೇ ಬಿಡಿ. ತಲೆಕೆಳಗಾಗಿ ನಿಂತಾಗ ಕಣ್ಣಿನ ಪ್ರೆಶರ್ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. ತಲೆ ಕೆಳಗಾಗಿ ಬಹಳ ಹೊತ್ತು ಇರುವ ಬೇರೆ ಆಸನಗಳೂ ಬೇಡ. ವಾಕಿಂಗ್, ಪ್ರಾಣಾಯಾಮ, ಕೂತು ಮಾಡುವ ಆಸನ ಎಲ್ಲ ಮಾಡಿ. ಕಂಪ್ಯೂಟರ್ ನೋಡಿದ್ದರಿಂದ ಗ್ಲಾಕೋಮಾ ಬರುವುದಿಲ್ಲ. ಕಣ್ಣಿಗೆ ಜೇನುತುಪ್ಪ ಬಿಡುವುದು, ಕಣ್ಣು ಕೆಂಪಾಯಿತು ಅಂತ ಮೆಡಿಕಲ್ ಶಾಪಿನವರು ಕೊಟ್ಟ ಯಾವುದೋ ಡ್ರಾಪ್ಸ್ ಹಾಕುವುದು ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಪ್ರೆಶರ್ ಏರುತ್ತದೆ.

ಅಮ್ಮನ ಹಾಗೆ ನಿಮಗೂ ಆಗುತ್ತಾ ಅಂತ ಕೇಳಿದ್ದೀರಿ. ಈ ಕಾಯಿಲೆಯಲ್ಲಿ ಕುರುಡಾಗುವವರಲ್ಲಿ ಹೆಚ್ಚಿನವರು ತಡವಾಗಿ ಬಂದವರು, ಇಲ್ಲವೇ ಔಷಧಿ ಬಿಟ್ಟವರು. ನೀವು ಎರಡೂ ಅಲ್ಲ. ಫೀಲ್ಡ್ ನಾರ್ಮಲ್ ಇರುವಾಗಲೇ ಕಾಯಿಲೆ ಸಿಕ್ಕಿದೆ, ಪ್ರೆಶರ್ ಇಳಿದಿದೆ, ಹನಿ ತಪ್ಪಿಸುತ್ತಿಲ್ಲ. ಹೀಗೇ ಬರುತ್ತಿದ್ದರೆ ಕೊನೆಯವರೆಗೂ ಓದಿಕೊಂಡು, ಓಡಾಡಿಕೊಂಡು ಇರುವ ಸಾಧ್ಯತೆಯೇ ಬಹಳ ಜಾಸ್ತಿ ಅಂತ ನಾನು ಮನಸಾರೆ ನಂಬುತ್ತೇನೆ.

ಮಗಳಿಗೆ ಬರೀ ಸ್ಕ್ಯಾನ್ ಬೇಡ. ಪೂರ್ತಿ ಕಣ್ಣಿನ ತಪಾಸಣೆ ಒಂದು ಸಲ ಮಾಡಿಸಿ, ಪ್ರೆಶರ್, ಕಾರ್ನಿಯಾ ದಪ್ಪ, ನರದ ಫೋಟೋ ಎಲ್ಲ ಸೇರಿ. ಅವಳಿಗೂ ಮೈನಸ್ ಜಾಸ್ತಿ ಇದ್ದರೆ ಈ ಫೋಟೋ ಮುಂದಿನ ನಲವತ್ತು ವರ್ಷಕ್ಕೆ ಬೇಕಾಗುತ್ತದೆ. ಆಮೇಲೆ ಡಾಕ್ಟರ್ ಹೇಳಿದಷ್ಟು ಅಂತರಕ್ಕೆ, ಮೂವತ್ತೈದು ದಾಟಿದ ಮೇಲೆ ತಪ್ಪದೆ. ಆದರೆ ನಿಮ್ಮ ಪತ್ರದಲ್ಲಿ ನೀವು ಬರೆಯದ ಒಬ್ಬರ ಚಿಂತೆ ನನಗೆ ಮಗಳಿಗಿಂತ ಮೊದಲು ಬಂತು. ಒಡಹುಟ್ಟಿದವರಲ್ಲಿ ಈ ಕಾಯಿಲೆಯ ಅಪಾಯ ಬೇರೆಯವರಿಗಿಂತ ಎಷ್ಟೋ ಪಟ್ಟು ಜಾಸ್ತಿ. ನಿಮಗೆ ಅಣ್ಣ, ಅಕ್ಕ, ತಮ್ಮ, ತಂಗಿ ಯಾರಾದರೂ ಇದ್ದು, ಕನ್ನಡಕದ ಅಂಗಡಿ ಬಿಟ್ಟು ಬೇರೆ ಕಡೆ ಕಣ್ಣು ತೋರಿಸದೇ ಇದ್ದರೆ, ಇವತ್ತು ರಾತ್ರಿ ಹನಿ ಹಾಕಿಕೊಳ್ಳುವ ಮೊದಲು ಅವರಿಗೊಂದು ಫೋನ್ ಮಾಡಿ.